ಐದನೆಯ ಪುಟದ ಆಲಿಕಲ್ಲು

ಡಗ್‌ಖಾ ಹಳ್ಳಿ,
ಕಬ್ಬಿಣ-ಹುಲಿ ವರ್ಷ, ಆರನೆಯ ತಿಂಗಳ ಹನ್ನೆರಡನೆಯ ದಿನ

ಪ್ರೀತಿಯ ಮೊಮ್ಮಗ ಥರ್‌ಚಿನ್‌ಗೆ,

ಪ್ರೀತಿಯ ಎಂದು ಬರೆದದ್ದು ಕೈ ಅಭ್ಯಾಸದಿಂದ. ಕಾಗದ ಮುಗಿಯುವವರೆಗೆ ಅದನ್ನು ನಂಬಿಕೊಂಡು ಕೂರಬೇಡ. ನಿನ್ನ ಹೊಟ್ಟೆ ಹೇಗಿದೆ? ಪೇಟೆಯ ಅಂಗಡಿಯಲ್ಲಿ ಎಣ್ಣೆಯಲ್ಲಿ ಮುಳುಗಿಸಿದ್ದನ್ನು ತಿಂದು ಹುಳಿತೇಗು ಮತ್ತೆ ಶುರುವಾಗಿರಬೇಕು. ನಿನ್ನ ಅಮ್ಮ ಹೋದ ಸಲ ಕಳಿಸಿದ ಒಣ ಗಿಣ್ಣನ್ನು ಕಚೇರಿಯವರಿಗೆ ಹಂಚಿ ದೊಡ್ಡ ಮನುಷ್ಯನಾದೆಯಂತೆ, ಕೇಳಿದೆ. ನನ್ನ ಆರೋಗ್ಯ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮಂಡಿಗಳು ಏಳುವಾಗ ಒಂದು ಸಲ, ಕೂರುವಾಗ ಒಂದು ಸಲ ಅಳುತ್ತವೆ. ಬಾಯಲ್ಲಿ ಉಳಿದ ನಾಲ್ಕು ಹಲ್ಲುಗಳಲ್ಲಿ ಒಂದಕ್ಕೊಂದು ಎದುರುಬದುರಾಗಿ ಸಿಗುವುದು ಒಂದು ಜೊತೆಯೂ ಇಲ್ಲ. ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ಬಾರ್ಲಿ ತೆನೆ ಬಿಟ್ಟಿದೆ. ಕಪ್ಪು ಹೆಣ್ಣು ಯಾಕ್ ಎರಡನೆಯ ಕರು ಹಾಕಿತು, ನೋಡುವುದಕ್ಕೆ ನಿನ್ನ ಹಾಗೆಯೇ ಪೆಚ್ಚು.

ಸುದ್ದಿ ಮುಗಿಯಿತು, ಇನ್ನು ವಿಷಯ. ನಮ್ಮ ನ್ಯಿನ್‌ಲುಂಗ್ ತಾಲ್ಲೂಕಿನ ನೆಲ, ಹವೆ, ಚರಿತ್ರೆ ಎಲ್ಲ ಸೇರಿಸಿ ನಿಮ್ಮ ಕಚೇರಿಯವರು ದಪ್ಪ ಪುಸ್ತಕ ತರುತ್ತಿದ್ದೀರಿ, ಅದರಲ್ಲಿ ನಮ್ಮ ಹಳ್ಳಿಯ ಆರು ಪುಟ ನೀನೇ ಬರೆದಿದ್ದೀಯ. ತಪ್ಪುಗಳಿದ್ದರೆ ಆರನೆಯ ತಿಂಗಳ ಕೊನೆಯೊಳಗೆ ತಿಳಿಸಿ, ಆಮೇಲೆ ಅಚ್ಚಿಗೆ ಹೋಗುತ್ತದೆ ಎಂದು ಶಾಲೆಯ ಶೆರಪ್ ಮಾಸ್ತರರಿಗೆ ಆ ಪುಟಗಳನ್ನು ಕಳಿಸಿದ್ದೆಯಲ್ಲ. ತಿಳಿಸುತ್ತಿದ್ದೇನೆ. ಐದನೆಯ ಪುಟದಲ್ಲಿ ಮೇಲಿನಿಂದ ನಾಲ್ಕು ಸಾಲು, ಆಲಿಕಲ್ಲು ಬಿದ್ದ ವರ್ಷದ್ದು, ಕಿತ್ತುಹಾಕು. ಅಚ್ಚಿಗೆ ಹೋಗುವ ಮೊದಲು. ಅದೊಂದು ಮಾಡದಿದ್ದರೆ ನನ್ನ ಹೆಣವನ್ನು ಹದ್ದುಗಳಿಗೆ ಕೊಡುವ ದಿನವೂ ಈ ಕಡೆ ತಲೆ ಹಾಕಬೇಡ. ನೀನಿಲ್ಲದೆಯೂ ಅವು ತಿನ್ನುತ್ತವೆ.

ಉಳಿದ ತಪ್ಪುಗಳನ್ನು ಬಿಟ್ಟರೂ ನಡೆಯುತ್ತದೆ, ಆದರೆ ಬಿಡಲು ನನಗೆ ಮನಸ್ಸಿಲ್ಲ. ಹಳ್ಳಿ ಸಮುದ್ರದಿಂದ ನಾಲ್ಕು ಸಾವಿರದ ನೂರು ಮೀಟರ್ ಎತ್ತರ ಎಂದು ಶುರು ಮಾಡಿದ್ದೀಯ. ಸಮುದ್ರವನ್ನು ಇಲ್ಲಿ ಕಂಡವರು ಯಾರು? ಖಾರ್‌ಲಾ ಕಣಿವೆದಾರಿಯಿಂದ ಎಷ್ಟು ಕೆಳಗೆ, ಹೊರೆ ಹೊತ್ತ ಕತ್ತೆ ಎಷ್ಟು ಸಲ ನಿಂತು ಉಸಿರು ತೆಗೆದುಕೊಳ್ಳುತ್ತದೆ, ಅದನ್ನು ಬರೆದಿದ್ದರೆ ಅರ್ಥವಾಗುತ್ತಿತ್ತು. ವರ್ಷದ ಸರಾಸರಿ ಉಷ್ಣತೆ ಎರಡು ಡಿಗ್ರಿಯಂತೆ. ಆ ಸರಾಸರಿ ಇಲ್ಲಿ ಯಾವ ದಿನ ಬಂದಿತ್ತು, ಯಾರ ಮನೆಯಲ್ಲಿ ಇಳಿದುಕೊಂಡಿತ್ತು? ನಮಗೆ ಬಂದದ್ದು ಒಂದೋ ಮೂಗು ಕೀಳುವ ಚಳಿ, ಇಲ್ಲ ನೆತ್ತಿ ಸುಡುವ ಬಿಸಿಲು, ಒಂದೇ ದಿನ ಎರಡೂ. ಗಾಳಿ ಮಧ್ಯಮ ಎಂದು ಬರೆದಿದ್ದೀಯ. ನಿನ್ನ ತಾತನ ಟೋಪಿಯನ್ನು ಹೊಳೆಯಾಚೆಗೆ ಒಯ್ದದ್ದು ಮಧ್ಯಮ ಗಾಳಿಯೇ? ಮಾಳಿಗೆಯ ಮೇಲೆ ಇಟ್ಟ ಕಲ್ಲು ತಿರುಗಿ ಬಿದ್ದದ್ದು? ಹಿಮ ಬೀಳದ ದಿನಗಳು ನೂರಿಪ್ಪತ್ತು ಅಂತೆ. ಹಿಮ ನಿನ್ನ ಕಚೇರಿಗೆ ಬಂದು ರುಜು ಹಾಕಿ ಹೋಯಿತೋ? ಗುಡ್ಡದ ಮೇಲಿನ ಕೋಟೆಯ ಅವಶೇಷದ ಚರಿತ್ರೆ ತಿಳಿದುಬಂದಿಲ್ಲ ಎಂದು ಬರೆದೆ. ತಿಳಿಯದ್ದನ್ನು ತಿಳಿಯದು ಎಂದು ಬಿಟ್ಟೆಯಲ್ಲ, ಆ ಬುದ್ಧಿ ಐದನೆಯ ಪುಟಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಯಿತು?

ಶೆರಪ್ ಮಾಸ್ತರರು ಆ ಆರು ಪುಟಗಳನ್ನು ಕಣದಲ್ಲಿ ಎಲ್ಲರನ್ನೂ ಕೂರಿಸಿ ಓದಿದರು. ಕಾಲುವೆ ಕೆಲಸ ಮುಗಿಸಿ ಚಹಾ ಕುಡಿಯುವ ಹೊತ್ತು. ನಲವತ್ತೊಂದು ಮನೆಯವರೂ ಇದ್ದರು. ಹಳ್ಳಿಯ ಹೆಸರು ಬಂದಾಗ ಹೆಂಗಸರು ಹೋ ಎಂದರು. ಹೊಳೆಯ ಹೆಸರು ಬಂದಾಗ ಮತ್ತೊಂದು ಸಲ ಹೋ. ನಿನ್ನ ಅಮ್ಮ, ಬಾಯಿ ಇಲ್ಲದವಳು, ಅವಳೂ "ಬರೆದಿದ್ದು ನಮ್ಮ ಹುಡುಗ" ಅಂತ ಪಕ್ಕದವಳ ತೊಡೆ ಚಿವುಟಿದಳು. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಐದನೆಯ ಪುಟ ಬಂತು. ಮಾಸ್ತರರು ಗಂಟಲು ಸರಿಮಾಡಿಕೊಂಡು ಓದಿದ್ದು ಇದು: "ನೀರು-ಡ್ರ್ಯಾಗನ್ ವರ್ಷದ ಬೇಸಿಗೆಯಲ್ಲಿ, ಮಂತ್ರ ಹೇಳಿ ಆಲಿಕಲ್ಲು ಬೀಳದಂತೆ ಕಾಯುವವನಾಗಿದ್ದ ಇಂಥವನು ಕುಡಿದು ಮಲಗಿದ್ದ ಕಾರಣ ಹಳ್ಳಿಯ ಇಡೀ ಬೆಳೆ ನಾಶವಾಯಿತೆಂದು ಹಿರಿಯರು ಹೇಳುತ್ತಾರೆ. ಅವನನ್ನು ಹಳ್ಳಿಯಿಂದ ಹೊರಹಾಕಲಾಯಿತು. ಅವನ ಮನೆಯನ್ನು ಇಂದಿಗೂ ಕುಡುಕನ ಮನೆ ಎಂದು ಕರೆಯುತ್ತಾರೆ." ಇಂಥವನು ಎಂದು ನಾನು ಬರೆದ ಜಾಗದಲ್ಲಿ ನೀನು ಅವನ ಪೂರ್ತಿ ಹೆಸರು ಹಾಕಿದ್ದೀಯ. ಸತ್ತವರ ಹೆಸರನ್ನು ಬಾಯಲ್ಲಿ ಎತ್ತಬಾರದು, ಎತ್ತಿದರೆ ಮುಂದೆ ಹೋದ ಜೀವ ತಿರುಗಿ ನೋಡುತ್ತದೆ ಎಂದು ನಿನಗೆ ಹಾಲು ಕುಡಿಸುವಾಗಲೇ ಹೇಳಿಕೊಟ್ಟಿದ್ದೆವು. ನೀನು ಅದನ್ನು ಅಚ್ಚಿನ ಅಕ್ಷರದಲ್ಲಿ ಕೂಗಿಸಲು ಹೊರಟಿದ್ದೀಯ. ತಾಲ್ಲೂಕಿನಲ್ಲಿ ಪುಸ್ತಕ ತೆರೆದವರೆಲ್ಲ ಕೂಗುತ್ತಾರೆ, ಅವನು ಎಷ್ಟು ಸಲ ತಿರುಗಬೇಕು?

ಕಣದಲ್ಲಿ ಜನ ನಕ್ಕರು. ಎಲ್ಲಿ ನಗಬೇಕೋ ಅಲ್ಲಿ ನಗುವ ಜನ ಇದಾಗಿದ್ದರೆ ಡಗ್‌ಖಾ ಹೀಗಿರುತ್ತಿರಲಿಲ್ಲ. ಗಿರಣಿಯವನು ಎದ್ದು ನಿಂತು, "ಏ ಬುಟ್ರಿ ಅಕ್ಕಾ, ನಿಮ್ಮನೆ ಪುಸ್ತಕಕ್ಕೆ ಬಂತಲ್ಲೇ, ಒಂದು ಬಟ್ಟಲು ಹುಯ್ಯಿ!" ಎಂದು ಕೂಗಿದ. ಬುಟ್ರಿ ಗೊತ್ತಲ್ಲ, ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ಆಲಿಕಲ್ಲು ಕಾಯುತ್ತಿದ್ದವನ ಒಬ್ಬಳೇ ಮಗಳು, ಎಪ್ಪತ್ತು ವರ್ಷದಿಂದ ನನ್ನ ಕಣ್ಣಿಗೆ ಬಿದ್ದ ಹೊಟ್ಟು. ಅವಳು ಗಿರಣಿಯವನನ್ನು ಬೈಯುತ್ತಾಳೆ ಎಂದು ನಾನು ಕಾದೆ. ಮೂರು ತಲೆಮಾರನ್ನು ಒಂದೇ ಉಸಿರಿನಲ್ಲಿ ತೊಳೆಯುವ ಬಾಯಿ ಅದು. ಅವಳು ಬೈಯಲಿಲ್ಲ. ಬಟ್ಟಲನ್ನು ಕೆಳಗಿಟ್ಟಳು, ಮಡಿಲು ಕೊಡವಿಕೊಂಡಳು, ನನ್ನ ಮುಂದೆಯೇ ಹಾದುಹೋಗುವಾಗ ಸಣ್ಣದಾಗಿ ಅಂದಳು, "ಅಚ್ಚಾಯ್ತಲ್ಲ, ಇನ್ನು ಗಾಳಿಗೂ ಹಾರಲ್ಲ." ಅಷ್ಟೇ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವತ್ತಿಗೆ ಹದಿನೇಳು ದಿನ. ನನ್ನ ಕೋಳಿ ಅವಳ ಅಂಗಳಕ್ಕೆ ಹೋದರೆ ಕಲ್ಲು ಬೀಳುತ್ತಿಲ್ಲ. ನನ್ನ ಸಗಣಿಯ ಬೆರಣಿ ಅವಳ ಗೋಡೆಯ ಮೇಲೆ ಒಣಗುತ್ತಿದೆ, ಕೇಳುವವರಿಲ್ಲ. ಇಂಥ ಬೇಸಿಗೆಯನ್ನು ನಾನು ಕಂಡಿಲ್ಲ.

ನಿನ್ನನ್ನೇ ಕೇಳುತ್ತೇನೆ, ಓದಿದವನೇ. ಮೂರನೆಯ ಪುಟದಲ್ಲಿ ನೀನೇ ಬರೆದಿದ್ದೀಯ, ಮಧ್ಯಾಹ್ನದ ಬಿಸಿಗಾಳಿ ಕಣಿವೆಯಿಂದ ಮೇಲೇರಿ ಗಾಂಗ್‌ಮರ್ ಶಿಖರದ ತಣ್ಣನೆಯ ಗಾಳಿಗೆ ತಾಗಿ ಆಲಿಕಲ್ಲಾಗುತ್ತದೆ, ವರ್ಷಕ್ಕೆ ಹನ್ನೊಂದು ದಿನ ಬೀಳುತ್ತದೆ, ಮಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು. ಸರಿ, ಮೋಡಕ್ಕೆ ಕಿವಿ ಇಲ್ಲ, ಒಪ್ಪಿದೆ. ಹಾಗಿದ್ದ ಮೇಲೆ ಎರಡು ಪುಟ ತಿರುಗಿಸುವಷ್ಟರಲ್ಲಿ ಒಬ್ಬ ಮನುಷ್ಯ ಕುಡಿದದ್ದರಿಂದ ಬೆಳೆ ಹೋಯಿತು ಎಂದು ಹೇಗೆ ಬರೆದೆ? ಮಂತ್ರಕ್ಕೆ ಮೋಡ ನಿಲ್ಲುವುದಾದರೆ ಮೂರನೆಯ ಪುಟ ಸುಳ್ಳು. ನಿಲ್ಲದಿದ್ದರೆ ಐದನೆಯ ಪುಟ ಸುಳ್ಳು. ಮೂರು ಚಳಿಗಾಲ ಮಾತ್ರ ಅಕ್ಷರ ಕಲಿತ ನನಗೆ ಕಾಣಿಸಿದ್ದು ನಿನ್ನ ಕಚೇರಿಯ ಕನ್ನಡಕಗಳಿಗೆ ಕಾಣಿಸಲಿಲ್ಲವೇ? ಈಗ ಗುಡ್ಡದ ಮೇಲೆ ಫಿರಂಗಿ ಇಟ್ಟಿದ್ದಾರೆ, ಮೋಡ ಕಂಡರೆ ಹಾರಿಸುತ್ತಾರೆ. ಹೋದ ವರ್ಷ ಎಂಟು ಸಲ ಹಾರಿಸಿದರೂ ಕೆಳಗಿನ ಹೊಲಗಳು ಹೋದವು. ಫಿರಂಗಿಯವನನ್ನು ಯಾರಾದರೂ ಊರು ಬಿಡಿಸಿದರೇ? ಅವನಿಗೆ ಆವತ್ತು ನಮ್ಮ ಮನೆಯಲ್ಲೇ ಊಟ.

ಆ ಸಾಲುಗಳ ಹಿರಿಯರು ಯಾರು ಎಂದು ಪುಸ್ತಕ ಓದುವವರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತು, ನಿನಗೂ ಗೊತ್ತು. ಹೊಸ ವರ್ಷಕ್ಕೆ ಬಂದಾಗ ಮಾತು ಹಿಡಿಯುವ ಆ ಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟು, "ಮೋಲಾ, ಹಳೇದೇನಾದ್ರೂ ಹೇಳು" ಅಂದೆ. ನಾನು ಹೇಳಿದೆ. ಐವತ್ತೆಂಟು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿದೆ. ನೀರಿನ ಸರದಿಗೆ ಜಗಳ ಬಂದರೆ "ಹೋಗೇ, ಆಲಿಕಲ್ಲು ಕುಡುಕನ ಮಗಳೇ" ಅಂದಿದ್ದೇನೆ. ಅವಳ ಕುರಿ ನಮ್ಮ ಹೊಲಕ್ಕೆ ನುಗ್ಗಿದರೆ ಅದನ್ನೇ ಅಂದಿದ್ದೇನೆ. ಅವಳ ಮದುವೆಯ ದಿನ ಅಂದಿದ್ದೇನೆ, ಅವಳ ಗಂಡ ಸತ್ತ ವರ್ಷವೂ ಅಂದಿದ್ದೇನೆ. ಅವಳೂ ಸುಮ್ಮನಿರುವವಳಲ್ಲ, "ನಿನ್ನ ನಾಲಿಗೇನ ಕೊಯ್ದು ಯಾಕಿಗೆ ಹಗ್ಗ ಮಾಡ್ತೀನಿ, ಯುಡ್ರೋನ್" ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದಳು. ಬೆಳಿಗ್ಗೆ ಬೈದದ್ದನ್ನು ಮಧ್ಯಾಹ್ನದ ಗಾಳಿ ಎತ್ತಿಕೊಂಡು ಹೋಗುತ್ತಿತ್ತು, ಮಾರನೆಯ ದಿನ ಹೊಸದಾಗಿ ಬೈಯಬೇಕಿತ್ತು. ಹಳ್ಳಿಯಲ್ಲಿ ಬದುಕುವುದು ಹಾಗೆಯೇ. ನೀನು ಅದನ್ನು ಹಿಡಿದು ಕಾಗದಕ್ಕೆ ಮೊಳೆ ಹೊಡೆದೆ. ಪೆಟ್ಟಿಗೆಗೆ ಏನು ಹೇಳುತ್ತಿದ್ದೇನೆ ಎಂದು ನಾನು ಯೋಚಿಸಲಿಲ್ಲ, ಮುದುಕಿಯ ಮಾತು ಎಷ್ಟು ನಿಜ ಎಂದು ನೀನು ಕೇಳಲಿಲ್ಲ. ಬೈದುಕೊಳ್ಳುವುದಾದರೆ ಇಬ್ಬರಿಗೂ ಸಮಪಾಲು, ಆದರೆ ಕಾಗದ ಬರೆಯುತ್ತಿರುವವಳು ನಾನು, ಅದಕ್ಕೆ ನಿನ್ನ ಪಾಲು ಸ್ವಲ್ಪ ಜಾಸ್ತಿ.

ಈಗ ನಿಜ ಹೇಳುತ್ತೇನೆ, ಕೇಳು. ಆ ಕಾಲದಲ್ಲಿ ತೆನೆ ಬಿಟ್ಟ ದಿನದಿಂದ ಕೊಯ್ಲಿನವರೆಗೆ ಬುಟ್ರಿಯ ಅಪ್ಪ ಹೊಲಗಳ ಮೇಲಿನ ದಿಣ್ಣೆಯ ಕಲ್ಲುಗುಡಿಸಲಿನಲ್ಲಿ ಒಬ್ಬನೇ ಇರುತ್ತಿದ್ದ. ಮೋಡ ಕಪ್ಪಾದರೆ ಮಂತ್ರ ಹೇಳುತ್ತಾ ಕವಣೆಯಲ್ಲಿ ಸಾಸಿವೆ ತುಂಬಿದ ಮಣ್ಣಿನ ಉಂಡೆ ಬೀಸಿ ಅದನ್ನು ಖಾರ್‌ಲಾ ಆಚೆಗೆ ಓಡಿಸುವುದು ಅವನ ಕೆಲಸ. ಅಷ್ಟು ದಿನವೂ ಅವನು ಹೆಂಡ ಮುಟ್ಟಬಾರದು, ಬೆಳ್ಳುಳ್ಳಿ ಮುಟ್ಟಬಾರದು, ತಲೆ ತೊಳೆಯಬಾರದು. ಮುಟ್ಟಿದರೆ ಮೋಡ ಮಾತು ಕೇಳುವುದಿಲ್ಲ ಎಂದು ಎಲ್ಲರೂ ನಂಬಿದ್ದರು, ಅವನೂ ನಂಬಿದ್ದ. ಚಹಾ ಮತ್ತು ಹುರಿಹಿಟ್ಟನ್ನು ಸರದಿಯ ಪ್ರಕಾರ ಒಂದೊಂದು ಮನೆಯ ಮಕ್ಕಳು ಒಯ್ಯಬೇಕಿತ್ತು. ಆವತ್ತು ನಮ್ಮ ಮನೆಯ ಸರದಿ. ನನಗೆ ಹನ್ನೆರಡು ವರ್ಷ. ಆ ಬೆಳಿಗ್ಗೆ ನೀರಿನ ಹತ್ತಿರ ಬುಟ್ರಿ ಎಲ್ಲ ಹುಡುಗಿಯರ ಮುಂದೆ ನನಗೆ ಅಂದಿದ್ದಳು, "ನಮ್ಮಪ್ಪ ಕೆಮ್ಮಿದ್ರೆ ಮೋಡ ನಿಲ್ಲುತ್ತೆ ಕಣೇ, ನಿಮ್ಮಪ್ಪ ಕೆಮ್ಮಿದ್ರೆ ಕತ್ತೇನೂ ತಿರುಗಿ ನೋಡಲ್ಲ." ನಿಜವೇ, ನಮ್ಮಪ್ಪ ಅಂಥವನೇ. ಅದಕ್ಕೇ ಉರಿದುಹೋಯಿತು. ನಮ್ಮಮ್ಮನ ಮೂಲೆಯ ಮಡಕೆಯಿಂದ ಬಾರ್ಲಿಯ ಕಳ್ಳಭಟ್ಟಿ ತೆಗೆದು ಬಿಸಿ ಚಹಾದ ಪಾತ್ರೆಗೆ ಅರ್ಧಕ್ಕರ್ಧ ಸುರಿದೆ. ಮೋಡ ನಿಲ್ಲುತ್ತದೋ ಇಲ್ಲವೋ ನೋಡೇಬಿಡೋಣ ಎಂದು.

ಅವನಿಗೆ ಹತ್ತು ದಿನದಿಂದ ಕೆಮ್ಮು. ಗುಡಿಸಲಿನ ಗೋಡೆಯಿಂದ ನೀರು ಇಳಿಯುತ್ತಿತ್ತು, ಕಂಬಳಿ ಒದ್ದೆಯಾಗಿತ್ತು. ಒಂದು ಗುಟುಕು ಕುಡಿದು ನಿಲ್ಲಿಸಿದ. "ಚಹಾದಲ್ಲಿ ಏನೋ ಇದೆಯಲ್ಲ ಮಗಳೇ, ಯಾರು ಹಾಕಿದ್ದು?" ಎಂದ. ಹಿರಿಯರೇ ಹಾಕಿಸಿದ್ದಾರೆ, ನಿಮಗೆ ಚಳಿ ಅಂತ, ಈ ಒಂದು ದಿನ ದೋಷವಿಲ್ಲವಂತೆ, ಎಂದೆ. ಸುಳ್ಳು ನನಗೆ ಆಗಲೂ ಕಷ್ಟವಾಗುತ್ತಿರಲಿಲ್ಲ. ಅವನು ನಕ್ಕ. "ಅವರಿಗೂ ನನ್ನ ಕೆಮ್ಮು ಕೇಳಿಸ್ತಾ ಹಾಗಾದ್ರೆ" ಎಂದ. ಪಾತ್ರೆ ಪೂರ್ತಿ ಕುಡಿದ. ನಾನು ಕೆಳಗೆ ಹೊಳೆಯ ಹತ್ತಿರ ಬರುವಷ್ಟರಲ್ಲಿ ಗಾಂಗ್‌ಮರ್ ಕಾಣಿಸುತ್ತಿರಲಿಲ್ಲ. ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತು ಆಲಿಕಲ್ಲು ಬಿತ್ತು, ಅಷ್ಟೇ. ಅಷ್ಟರಲ್ಲಿ ಇಪ್ಪತ್ಮೂರು ಮನೆಯ ಬಾರ್ಲಿ ನೆಲಕ್ಕೆ ಅರೆದು ಹಚ್ಚಿದ ಹಾಗಾಗಿತ್ತು. ಕುರಿಮರಿಗಳು ನಿಂತಲ್ಲೇ ಸತ್ತಿದ್ದವು. ಗಂಡಸರು ದಿಣ್ಣೆ ಹತ್ತಿ ಅವನನ್ನು ಎಬ್ಬಿಸಿ ಕೆಳಗೆ ತಂದರು. ಬಾಯಿಯ ವಾಸನೆ ಎಲ್ಲರಿಗೂ ಬಂತು. "ಯಾರು ಕೊಟ್ಟಿದ್ದು ಹೇಳು" ಎಂದು ಹಳ್ಳಿಯ ಹಿರಿಯ ಅವನ ಜುಟ್ಟು ಹಿಡಿದು ಕೇಳಿದ. ಜನರ ನಡುವೆ ನಿಂತಿದ್ದ ನನ್ನ ಮುಖವನ್ನು ಅವನು ನೋಡಿದ. ಹಿರಿಯರು ಕಳಿಸಿರಲಿಲ್ಲ ಎಂದು ಅವನಿಗೆ ಆಗ ಅರ್ಥವಾಯಿತು, ಅದು ನನಗೆ ಕಾಣಿಸಿತು. "ನಾನೇ ತರಿಸ್ಕೊಂಡೆ. ನಂದೇ ತಪ್ಪು" ಎಂದ. ಕವಣೆಯನ್ನು ಅವನ ಕಣ್ಣ ಮುಂದೆಯೇ ಕತ್ತರಿಸಿದರು. ಮಾರನೆಯ ದಿನ ಉತ್ತರದ ದನಗಾಹಿಗಳ ಕಡೆ ಹೊರಟುಹೋದ. ಮೂರನೆಯ ಚಳಿಗಾಲ ಅಲ್ಲೇ ಸತ್ತನಂತೆ. ಬುಟ್ರಿ ಮತ್ತು ಅವಳಮ್ಮ ಆ ವರ್ಷ ತುರುಚೆಸೊಪ್ಪು ಬೇಯಿಸಿ ತಿಂದದ್ದನ್ನು ನಾನು ಗೋಡೆಯ ಮೇಲಿಂದ ನೋಡಿದ್ದೇನೆ. ನಾವು ತಿಂದದ್ದೂ ಅದೇ, ಆದರೆ ನಮ್ಮನ್ನು ಯಾರೂ ಬೈಯುತ್ತಿರಲಿಲ್ಲ.

ಅವನು ನನ್ನ ಹೆಸರು ಹೇಳಿಬಿಟ್ಟಿದ್ದರೆ ನಮ್ಮ ಮನೆಯವರನ್ನು ಊರು ಬಿಡಿಸುತ್ತಿದ್ದರೋ, ನನಗೆ ಚರ್ಮ ಸುಲಿಯುವ ಹಾಗೆ ನಾಲ್ಕು ಬಿಗಿದು ಸುಮ್ಮನಾಗುತ್ತಿದ್ದರೋ, ಏನೋ ಒಂದು ಆಗಿ ಮುಗಿಯುತ್ತಿತ್ತು. ಅವನು ಒಳ್ಳೆಯವನಾಗಲು ಹೋಗಿ ನನಗೆ ಮುಗಿಯದ ಹಾಗೆ ಮಾಡಿಟ್ಟ. ಒಳ್ಳೆಯವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಮೊದಲ ವರ್ಷ ನಾನು ಕುಡುಕನ ಮಗಳೇ ಎಂದು ಕೂಗಿದ್ದು ಹೆದರಿಕೆಯಿಂದ. ನಾನೇ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೂಗದಿದ್ದರೆ ಯಾರಾದರೂ ನನ್ನ ಮುಖ ನೋಡಿ ಕಂಡುಹಿಡಿಯುತ್ತಾರೆ ಅನ್ನಿಸುತ್ತಿತ್ತು. ಆಮೇಲೆ ಅದೇ ಬಾಯಿಗೆ ಹತ್ತಿತು. ಈ ಮಾತನ್ನು ನಿನ್ನ ತಾತನಿಗೂ ಹೇಳಿರಲಿಲ್ಲ. ಅವನು ಹೇಳಿಸಿಕೊಳ್ಳುವ ಮನುಷ್ಯನೂ ಅಲ್ಲ, ಮಧ್ಯದಲ್ಲೇ ನಿದ್ದೆ ಹೋಗುತ್ತಿದ್ದ.

ಆದ್ದರಿಂದ ನೀನು ಮಾಡಬೇಕಾದ್ದು ಇಷ್ಟು. ಆ ನಾಲ್ಕು ಸಾಲು ತೆಗೆ. ತೆಗೆಯಲು ಬರುವುದಿಲ್ಲ, ಮೇಲಿನವರು ನೋಡಿ ಮುದ್ರೆ ಹಾಕಿಯಾಗಿದೆ, ಆಲಿಕಲ್ಲಿನ ವರ್ಷ ಇರಲೇಬೇಕು ಎನ್ನುತ್ತೀಯಾ? ನಿನ್ನ ಕಚೇರಿಯ ಬುದ್ಧಿ ಬಲ್ಲೆ, ಹಾಗೆಯೇ ಅನ್ನುತ್ತೀಯ. ಹಾಗಾದರೆ ಅವನ ಹೆಸರು ತೆಗೆದು ನನ್ನದು ಹಾಕು. ಅವನ ಹೆಸರಿಗಿಂತ ನನ್ನದು ಎರಡು ಅಕ್ಷರ ಕಡಿಮೆ, ಜಾಗ ಸಾಲುತ್ತದೆ. ಡಗ್‌ಖಾದ ಯುಡ್ರೋನ್ ಎಂಬ ಹುಡುಗಿ ಸುಳ್ಳು ಹೇಳಿ ಕುಡಿಸಿದಳು ಎಂದು ಬರೆ. ಸರ್ಕಾರಿ ನೌಕರನ ಅಜ್ಜಿ ಎಂದು ಬೇಕಾದರೂ ಬರೆ. ಗಿರಣಿಯವನು ನನಗೂ ಕೂಗಲಿ, ಅವನ ಮನೆತನದ ವಿಷಯ ನನ್ನ ಹತ್ತಿರ ಬೇಕಾದಷ್ಟಿದೆ. ನಿನಗೆ ನಾಚಿಕೆಯಾಗುತ್ತದೆ ಎಂದು ನನ್ನ ಹತ್ತಿರ ಅಳಬೇಡ. ನಾಚಿಕೆಯನ್ನು ನಾನು ಐವತ್ತೆಂಟು ವರ್ಷ ಬೇರೆಯವರ ಮನೆಯಲ್ಲಿ ಇಟ್ಟು ಬೆಳೆಸಿದ್ದೇನೆ. ಈಗ ಮನೆಗೆ ಬಂದರೆ ಬರಲಿ.

ಕೆಲಸದಲ್ಲಿ ಹುಷಾರು, ದಾರಿಯಲ್ಲಿ ಹುಷಾರು. ನೀನು ದಾಟುವ ಕಣಿವೆದಾರಿಗಳೆಲ್ಲ ತೆರೆದಿರಲಿ, ನಿನ್ನ ಒಲೆಗೆ ಸೌದೆ ಕೊರತೆಯಾಗದಿರಲಿ, ಮುಂದಿನ ಸಲ ಬರೆಯುವ ಮುಂಚೆ ನಿನಗೆ ದೇವರು ಬುದ್ಧಿಯನ್ನೂ ಕೊಡಲಿ. ನಿನ್ನ ಅಮ್ಮ ನೆನಪು ಹೇಳುತ್ತಾಳೆ, ಅಪ್ಪ ಹೇಳುವುದಿಲ್ಲ ಆದರೆ ನೆನೆಯುತ್ತಾನೆ.

ಇನ್ನೂ ಬೈಯುವುದು ಬಾಕಿ ಇರುವ
ನಿನ್ನ ಮೋಲಾ,
ಯುಡ್ರೋನ್

ಇನ್ನೊಂದು ಮಾತು, ಬೇಗ ಬರೆಯುತ್ತಿದ್ದೇನೆ, ಉಣ್ಣೆಯ ಟ್ರಕ್ಕಿನವನು ಹಾರ್ನ್ ಒತ್ತುತ್ತಿದ್ದಾನೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವಳು ಬುಟ್ರಿಯೇ, ಎದುರಿಗೇ ಕೂತಿರಬೇಕು. ಕಣ್ಣಿನ ಪೊರೆ ತೆಗೆಸಲು ಇದೇ ಟ್ರಕ್ಕಿನಲ್ಲಿ ಪೇಟೆಗೆ ಹೊರಟಿದ್ದಾಳೆ. ಕಾಗದವನ್ನು ಟ್ರಕ್ಕಿನವನ ಕೈಯಲ್ಲಿ ಅವಳಿಗೆ ಕೊಡಿಸಿ, ಯುಡ್ರೋನ್ ತನ್ನ ಮೊಮ್ಮಗನ ಅಂಗಿಯ ಅಳತೆ ಬರೆದಿದ್ದಾಳೆ ಎಂದು ಹೇಳಿಸುತ್ತೇನೆ. ಅವಳಿಗೆ ಅಕ್ಷರ ಬಾರದು. ಈ ಹದಿನೇಳು ದಿನದಲ್ಲಿ ಮೂರು ಸಲ ಅವಳ ಬಾಗಿಲವರೆಗೆ ಹೋಗಿ ಬಂದೆ, ನಾಲಿಗೆ ಹೊರಳಲಿಲ್ಲ, ಈ ನಾಲಿಗೆ. ಅದಕ್ಕೆ ನೀನೇ ಇದನ್ನು ಮೊದಲ ಸಾಲಿನಿಂದ ಜೋರಾಗಿ ಓದಿ ಹೇಳು. ಬಲಗಡೆ ಕೂತು ಓದು, ಎಡಗಿವಿ ಕೇಳಿಸುವುದಿಲ್ಲ. ಅವಳನ್ನು ಬೈದಿರುವ ಕಡೆ ನಯ ಮಾಡಲು ಹೋಗಬೇಡ, ಬಿಟ್ಟು ಓದಿದರೆ ಇದು ನನ್ನ ಕಾಗದ ಎಂದು ಅವಳು ನಂಬುವುದಿಲ್ಲ. ಅವಳು ಎದ್ದು ಹೊರಟರೆ ತಡೆಯಬೇಡ, ಜೊತೆಯಲ್ಲೇ ನಡೆದುಕೊಂಡು ಉಳಿದದ್ದನ್ನು ಓದು. ಓದಿ ಮುಗಿದ ಮೇಲೆ ಐದನೆಯ ಪುಟವನ್ನು ಏನು ಮಾಡಬೇಕು ಎಂದು ನಾನು ಮೇಲೆ ಬರೆದದ್ದನ್ನೆಲ್ಲ ಬಿಡು, ಅವಳನ್ನು ಕೇಳು.